ಎರಡನೆಯ ಚೀಟಿ

ಅಪ್ಪಣೆ ಹೊರಟು ಐದೂವರೆ ಗಂಟೆಯಾಗಿತ್ತು
ನಮ್ಮ ಕಿವಿಗೆ ಬೀಳುವಾಗ.
ಬೆಳಕಿಗೂ ಅಷ್ಟೇ ಹೊತ್ತು ಬೇಕು, ಅಲ್ಲಿಂದ ಇಲ್ಲಿಗೆ.
ಬೆಳಕನ್ನು ಯಾರೂ ತಡವಾಯಿತೆಂದು ಬಯ್ಯುವುದಿಲ್ಲ.

'ತಿರುಗಿ. ಮೂರನೆಯ ಪಹರೆಯೊಳಗೆ ತಿರುಗಿ.
ಕಾರಣ ಆಮೇಲೆ.'
ನಾನೇ ಬರೆದುಕೊಂಡೆ, ನಾನೇ ಒಯ್ದೆ
(ಅಪ್ಪಣೆ ಮಾತ್ರ ನಮ್ಮಲ್ಲಿ ಇನ್ನೂ ಕಾಗದದ ಮೇಲೆ).
ಕ್ಯಾಪ್ಟನ್ ಹಾಲ್ಡೋರಾ ಕೈಗವುಸು ಹೊಲಿಯುತ್ತಿದ್ದಳು.
ಹೆಬ್ಬೆರಳ ಸಂದಿಯ ದಾರವನ್ನು ಹಲ್ಲಲ್ಲಿ ಕಡಿದು
ಓದಿದಳು. ಇನ್ನೊಮ್ಮೆ ಓದಿದಳು.
ನಾಲ್ಕು ಮಡಿಕೆ ಮಾಡಿ ಎದೆಜೇಬಿಗಿಟ್ಟು
'ದಾರಿ ಹೀಗೇ ಇರಲಿ' ಅಂದಳು,
ಸಾರಿಗೆ ಉಪ್ಪು ಸಾಕು ಅನ್ನುವ ಹಾಗೆ.

ಯಾಕೆ ಅಂತ ನಾನು ಕೇಳಲಿಲ್ಲ.
ಕೇಳುವುದು ನನ್ನ ಕೆಲಸವಲ್ಲ ಅಂದುಕೊಂಡೆ.
ಅದು ಮೊದಲನೆಯ ದಿನ.

ಹದಿನಾರು ಜನರ ನೌಕೆಯಲ್ಲಿ ಗುಟ್ಟೆಂದರೆ ಸೀಮೆಎಣ್ಣೆ.
ಎಲ್ಲಿ ಚೆಲ್ಲಿತೆಂದು ತಿಳಿಯುವುದಿಲ್ಲ,
ಅನ್ನಕ್ಕೂ ವಾಸನೆ.
ಇಂಜಿನ್ ಕೋಣೆಯ ತೆವಿಟಾ, ಟೋಂಗಾ ದ್ವೀಪದವನು,
ಒಮ್ಮೆ ಅವಳು ಹೇಳಿದಳೆಂದು
ಉರಿಯುವ ಕವಾಟದೊಳಗೆ ತೋಳು ತೂರಿಸಿದವನು
(ಆ ಕಲೆ ಇನ್ನೂ ಮೀನಿನ ಪೊರೆಯ ಹಾಗೆ ಮಿನುಗುತ್ತದೆ),
ಈಗ ಅವಳು ಬಂದು ಕೂತರೆ
ತಟ್ಟೆ ಎತ್ತಿಕೊಂಡು ಏಳುತ್ತಾನೆ.
ಅರ್ಧ ಉಂಡ ತಟ್ಟೆ.

ವೈದ್ಯೆ ಸೊಲೆದಾದ್ ಅವಳ ಕಣ್ಣಿಗೆ ದೀಪ ಹಿಡಿದಳು,
ನಾಲಗೆ ನೋಡಿದಳು, ಏಳರ ಮಗ್ಗಿ ಹಿಂದುಮುಂದಾಗಿ ಹೇಳಿಸಿದಳು.
ಹುಚ್ಚು ಸಿಕ್ಕಿದ್ದರೆ ಎಲ್ಲರಿಗೂ ನೆಮ್ಮದಿಯಾಗುತ್ತಿತ್ತು.
ನಾಡಿ ಅರುವತ್ತೆರಡು. ಮಗ್ಗಿ ತಪ್ಪಲಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ ಎಂದವರು
ಹದಿನೈದು ಜನರೊಡನೆ ಒಂದೇ ಗಾಳಿಯನ್ನು
ಸೋಸಿ ಸೋಸಿ ಉಸಿರಾಡಿದವರಲ್ಲ.

ರಾತ್ರಿ ಎಂದು ನಾವು ಒಪ್ಪಿಕೊಂಡ ಹೊತ್ತಿನಲ್ಲಿ
ಡಬ್ಬಿಯ ಈರುಳ್ಳಿ ಗಿಡಕ್ಕೆ
ತನ್ನ ಪಾಲಿನ ನೀರಿನಿಂದ ಎರಡು ಚಮಚ ಹಾಕುತ್ತಾಳೆ.
ಆಮೇಲೆ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಾಳೆ.
ಏನು ಕೇಳುತ್ತಾಳೆ?
ಹೊರಗೆ ಸೂರ್ಯನೂ ಒಂದು ಚುಕ್ಕಿ,
ಉಳಿದವಕ್ಕಿಂತ ತುಸು ಸೊಕ್ಕಿನದು, ಅಷ್ಟೇ.

ಒಂಬತ್ತನೆಯ ದಿನ ತಡೆಯಲಾರದೆ ಕೇಳಿಬಿಟ್ಟೆ.
ಸುಳ್ಳಾದರೂ ಸರಿ, ಒಂದು ಕಾರಣ ಕೊಡಿ,
ಇವರು ಅದನ್ನೇ ಅಗಿಯುತ್ತ ಮಲಗಲಿ.
ಎಲೆಯ ಧೂಳು ಒರೆಸುತ್ತಿದ್ದವಳು ಅಂದಳು:
'ಹೇಳಿದರೆ ಅದು ನಿಮ್ಮದೂ ಆಗುತ್ತದೆ.'
ಕರುಣೆಯೋ ತಿರಸ್ಕಾರವೋ
ಇವತ್ತಿಗೂ ನನಗೆ ಬಗೆಹರಿದಿಲ್ಲ.

ಹನ್ನೊಂದನೆಯ ದಿನ ಇನ್ನೊಂದು ಬಂತು.
'ಅಧಿಕಾರ ಜೊಲ್ದೋಷನಿಗೆ. ಆಕೆಯನ್ನು ಕೋಣೆಯಲ್ಲಿಡಿ.'
ಕೇಳಿದ್ದು ನನ್ನ ಕಿವಿ ಮಾತ್ರ.
ಬರೆದುಕೊಂಡೆ. ಮಡಚಿದೆ.
ಮಡಚಿದ ಮೇಲೆ ಎಣಿಸಿದೆ: ನಾಲ್ಕು.

ಜೊಲ್ದೋಷ್ ಬಾಗಿಲಿಗೆ ಭುಜ ಕೊಟ್ಟು ನಿಂತಿದ್ದ.
ಅವನ ಕಿರ್ಗಿಜ್ ಮಾತಿನಲ್ಲಿ ಆ ಹೆಸರಿಗೆ
ದಾರಿಯ ಜೊತೆಗಾರ ಎಂದರ್ಥ.
ಒಳ್ಳೆಯವನು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು.
'ಏನಾದರೂ ಬಂತಾ, ಎಲಿಟ್ಸಾ?'
'ಬರೀ ಗರಗರ' ಅಂದೆ.

ಅವನು ಹೋದ ಮೇಲೆ ಕಾರಣ ಹುಡುಕಿದೆ,
ಕೀಲಿ ಕಳೆದುಕೊಂಡವಳು ಜೇಬು ತಡಕುವ ಹಾಗೆ.
ಅವಳ ಮೇಲಿನ ನಂಬಿಕೆಯೇ? ಅಲ್ಲ,
ಅದು ಆರನೆಯ ದಿನವೇ ತೀರಿತ್ತು.
ಭಯ? ಇರಬಹುದು, ಆದರೆ ಯಾರದು?
ಹದಿನೆಂಟು ವರ್ಷ
ಬಂದದ್ದನ್ನು ಬಂದ ಹಾಗೆಯೇ ಮುಟ್ಟಿಸಿದ ಕೈ ಇದು,
ಒಂದಕ್ಷರ ಕೂಡಿಸದೆ, ಕಳೆಯದೆ.

ಊಟಕ್ಕೆ ಕೂತೆ. ಅವಳು ಬಂದಳು.
ತೆವಿಟಾ ಎದ್ದ. ಅವನ ಹಿಂದೆ ಇಬ್ಬರು ಎದ್ದರು.
ಏಳದೆ ಉಳಿದ ನನ್ನನ್ನು ಅವನು ನೋಡಿದ,
ಇದುವರೆಗೆ ಅವಳನ್ನು ನೋಡುತ್ತಿದ್ದ ಹಾಗೆ.
ಅವಳು ಈರುಳ್ಳಿಯ ಒಂದು ಎಲೆ ಚಿವುಟಿ
ನನ್ನ ಗಂಜಿಯ ಮೇಲೆ ಹಾಕಿದಳು, ಮಾತಿಲ್ಲದೆ.
ಅವಳಿಗೆ ಗೊತ್ತೋ ಇಲ್ಲವೋ.

ಖಾರವಾಗಿತ್ತು. ತಿಂದೆ.
ಉಸಿರೆಳೆದಾಗಲೆಲ್ಲ ಎದೆಜೇಬಿನಲ್ಲಿ
ಸರಕ್ ಸರಕ್ ಅನ್ನುತ್ತದೆ ಕಾಗದ.