ಹ ಆದ ಮ್ಯಾಲ ಳ

ಕಳಿಸಿ ಇವತ್ತಿಗೆ ನಲವತ್ತೊಂದು ದಿನ.
ಮೂರೇ ಸಾಲು ಕೋಡು,
ಅದಕ್ಕ ಹನ್ನೆರಡು ಸಾಲು ಪರೀಕ್ಷೆ,
ಜೋಡಿಗೆ ಒಂದು ಪತ್ರ, ಇಂಗ್ಲಿಷಿನಾಗ, ನಾಕು ಸಲ ಒಡದು ಕಟ್ಟಿದ್ದು:
ಮಾನ್ಯರೆ, ಕನ್ನಡದಾಗ ಳ ಅನ್ನೂದು ಲ-ದ ಮಗ್ಗಲ ಕೂಡೂದಿಲ್ಲ.
ಹ ಆದ ಮ್ಯಾಲ ಬರತದ. ಎಲ್ಲಾರಕಿಂತ ಕಡೀಕ.

ದುಧನಿಯೊಳಗ ನಮ್ಮ ಕನ್ನಡ ಸಾಲಿ ಗ್ರಂಥಾಲಯ ಅಂದ್ರ
ಎರಡು ಕಬ್ಬಿಣದ ಕಪಾಟು, ಆರುನೂರಾ ಹನ್ನೆರಡು ಪುಸ್ತಕ.
ಪುಕ್ಕಟೆ ಸಿಗೂ ತಂತ್ರಾಂಶದಾಗ ಯಾದಿ ಮಾಡಿದೆ.
ಅದು ಜೋಡಿಸಿ ಕೊಟ್ಟಿತು:
ಮಲ್ಲಿಗೆ, ಮಳೆ, ಮಸಿ, ಮಹಡಿ.
ಪಡದೆ ಮ್ಯಾಲ ಬೆರಳಿಟ್ಟವ ನಾಕನೇತ್ತೆ ಮಾಳಿಂಗರಾಯ.
'ಅಕ್ಕೋರ, ತಪ್ಪದರಿ. ಮಳಿ ಕಡೀಕ ಬರಬೇಕು.'
ಬರೋಬ್ಬರಿ ಅಂದ.
ನಮ್ಮ ಕಡಿ ಮಳಿ ಕಡೀಕೇ ಬರತದ.
ಹಾಜರಿಯೊಳಗೂ ಹಂಗ, ಮಾಸಿದ್ಧನ ಹಿಂದ ನಿಂದರಬೇಕಾದ ಇವನನ್ನ
ಯಂತ್ರ ಮುಂದಕ ನೂಕಿತ್ತು,
ಸುಮ್ಮನ ಮುಂದ ಹೋಗೂದು ಅವಂಗ ಸೇರಲಿಲ್ಲ.

ಕಳಿಸಿದ ಏಳು ನಿಮಿಷಕ್ಕ ಯಂತ್ರ ಹಸಿರು ಟಿಕ್ ಹಾಕಿತು.
ಬಾಕಿ ಇದ್ದದ್ದು ಮನುಷ್ಯಾರದು.
ಅಲ್ಲಿಂದ ಒಂದು ಹಳದಿ ಚುಕ್ಕಿ, ತೊಗರಿ ಹೂವಿನಷ್ಟು.
ಹಾಲು ಒಲಿಮ್ಯಾಲ ಇಟ್ಟು ನೋಡತೀನಿ, ಅದ.
ಪ್ರಾರ್ಥನಾ ಗಂಟಿ ಬಾರಿಸಿ ನೋಡತೀನಿ, ಅದ.
ಒಂದು ದಿನ ಹಾಲು ಉಕ್ಕಿತು. ಚುಕ್ಕಿ ಹಂಗೇ ಅದ.

ನೋಡಬೇಕಾದವರು ಯಾರೋ ಹೆನ್ರಿಕ್.
ಚಿತ್ರದಾಗ ಮುಖ ಇಲ್ಲ, ಒಂದು ಕೊಕ್ಕರೆ,
ಒಂಟಿಗಾಲಿನ ಮ್ಯಾಲ.
ಅವರ ಹೆಸರಿನ ಮುಂದ ನನ್ನಂಥ ಇನ್ನೂರಾ ಎಂಟು ಮಂದಿಯ ಪಾಳಿ.
ಪಗಾರಿಲ್ಲದ ಕೆಲಸ, ಅವರಿಗೂ, ನನಗೂ.
ಹಿಂಗಂತ ದಿನಾ ಹೇಳಿಕೊಂತೀನಿ. ಅರ್ಧ ನಂಬತೀನಿ.

ದಾಲ್ ಮಿಲ್ಲಿಂದ ಬಂದು ಧೂಳು ಝಾಡಿಸಿಕೊಂತ ಮನಿಯವರು ಕೇಳತಾರ:
'ತಹಸೀಲದಾರ ಕಚೇರಿಗತೆ ಏನರೆ ಕೊಡಬೇಕಾಗತದೇನು?'
'ಏನೂ ಇಲ್ಲ.'
'ಹಂಗಾದ್ರ ಅವರು ಯಾಕ ನೋಡಬೇಕು?'
ಉತ್ತರ ಬರಲಿಲ್ಲ. ಪಾತ್ರೆ ತೊಳದೆ.

ನೆನಪು ಮಾಡೂದು ಬ್ಯಾರೆ, ಕಾಡೂದು ಬ್ಯಾರೆ.
ಎರಡರ ನಡುವ ಎಷ್ಟು ದಿನ ಬಿಡಬೇಕು
ಯಾವ ನಿಯಮದಾಗೂ ಬರದಿಲ್ಲ.
'ಸವಡು ಸಿಕ್ಕಾಗ ನೋಡ್ರಿ' ಅಂತ ಬರದೆ, ಅಳಿಸಿದೆ.
'ಅವಸರೇನಿಲ್ಲ' ಅಂತ ಬರದೆ. ಅದು ಸುಳ್ಳು. ಅದನ್ನೂ ಅಳಿಸಿದೆ.
ಸ್ಟೇಷನ್ನಿನ ಆಚೆ ಗೂಡ್ಸ್ ಗಾಡಿ ಸಿಗ್ನಲ್ ಸಿಗದ
ಒಮ್ಮೆ ಕೂಗಿ ಸುಮ್ಮನಾತು.
ಒಮ್ಮೆ ಕೂಗಿದರ ನಡೀತದ ಅಂದಂಗಾತು.

ಇವತ್ತ ಕೊಕ್ಕರೆ ಕಾಲು ಬದಲಿಸಿತು. ಎರಡು ಮಾತು:
ಹದಿನಾಕನೇ ಸಾಲಿನ ತುದೀಗೆ ಒಂದು ಖಾಲಿ ಜಾಗ ಹೆಚ್ಚಿಗೆ ಅದ, ತಗೀರಿ.
ಮತ್ತ, ನೀವು ಹೇಳೂದಕ್ಕ ಪುರಾವೆ?

ಪುರಾವೆ.
ಒಂದನೇತ್ತೆ ಹುಡುಗರು ಒದರತಾವ, ಯ ರ ಲ ವ ಶ ಷ ಸ ಹ,
ಉಸಿರು ತಗೊಂಡು,
ಳ.
ಇದನ್ನ ಹ್ಯಾಂಗ ಲಗತ್ತಿಸಲಿ?
ಗ್ವಾಡಿ ಮ್ಯಾಲಿನ ಅಕ್ಷರಮಾಲೆ ಫೋಟೋ ಹೊಡದೆ.
ಕಡೀ ಮೂಲ್ಯಾಗ ಹುಡುಗರು ತೆಲಿ ಆನಿಸಿ ಆನಿಸಿ
ಎಣ್ಣಿ ಹತ್ತಿ ಳ ಮಸುಕಾಗ್ಯದ.
ಕಂಪೌಂಡ್ ದಾಟಿ ಮರಾಠಿ ಸಾಲಿಗೆ ಹೋದೆ.
ಅವರ ಗ್ವಾಡಿ ಮ್ಯಾಲನೂ ಹ ಆದ ಮ್ಯಾಲೇ ಅವರ ಳ.
ನಡುವಿನ ಗೇಟಿನ ಕೀಲಿ ಯಾರ ಕಡೆ ಇರಬೇಕಂತ
ಮೂರು ವರ್ಷದಿಂದ ಜಗಳಾಡೂ ಎರಡು ಸಾಲಿ,
ಈ ಒಂದು ಅಕ್ಷರಕ್ಕ ತಕರಾರಿಲ್ಲ.
ಎರಡೂ ಫೋಟೋ ಹಚ್ಚಿದೆ.
ಖಾಲಿ ಜಾಗ ತಗದೆ. ಕಳಿಸಿದೆ.

ಮತ್ತ ತೊಗರಿ ಹೂವು.

ಫೋನ್ ಇಡಾಕ ಮೇಜಿನ ಮ್ಯಾಲ ಜಾಗ ಇರಲಿಲ್ಲ.
ಮೂವತ್ತೆಂಟು ವಹಿ, ಬಂದು ಒಂಬತ್ತು ದಿನ.
'ನೋಡಿದ್ರೇನ್ರಿ?' ಅಂತ ಬಾಗಲಾಗ ಎಷ್ಟು ಸಲ ಬಂದು ಹೋದವು,
'ನಾಳೆ' ಅಂದಿದ್ದೆ, ಎಲ್ಲಾರಿಗೂ.

ಕೆಂಪು ಪೆನ್ನಿನ ಟೊಪ್ಪಿಗಿ ತಗದೆ.
ಮ್ಯಾಲಿಂದು ಮಾಳಿಂಗರಾಯನ ವಹಿ.
ಮಳಿ ಬಗ್ಗೆ ನಿಬಂಧ, ಅರ್ಧ ಪುಟ, ಕಡೀ ಸಾಲು ಹಿಂಗದ:
ಅಕ್ಕೋರು ನೋಡಿದ ಮ್ಯಾಲ ಉಳದದ್ದು ಬರೀತೀನಿ.