ಗೋಡೆಯೊಳಗಿನ ಉಪ್ಪು

ಎರಡು ವರ್ಷಕ್ಕೊಮ್ಮೆ ಬರುವ ಕಾಗದ.
ಐವತ್ತು ದಾಟಿದ ಹೆಂಗಸರಿಗೆಲ್ಲ ಬರುತ್ತದೆ, ಕರೆಂಟ್ ಬಿಲ್ಲಿನ ಹಾಗೆ.
ಹೋದ ಸಲದ್ದು ಒಲೆ ಹೊತ್ತಿಸಲು ಆಯಿತು.
ಈ ಸಲ ಮಳೆ. ಗೆರಾಂದ್‌ನ ಮಡಿಗಳಲ್ಲಿ
ಮಳೆಯೆಂದರೆ ಉಪ್ಪಿಗೆ ರಜೆ.
ಬೇರೆ ಕೆಲಸವಿಲ್ಲದೆ ಸಾಂ-ನಜೇರ್‌ಗೆ ಬಸ್ಸು ಹತ್ತಿದೆ.

ತಣ್ಣನೆಯ ಎರಡು ಹಲಗೆ, ನಡುವೆ ನಾನು.
"ಉಸಿರು ಹಿಡಿಯಿರಿ, ಮದಾಮ್ ತಾಂಗಿ." ಹಿಡಿದೆ.
ಅರವತ್ತೊಂದು ವರ್ಷದಲ್ಲಿ ಯಾರೂ
ಇಷ್ಟು ಗಮನ ಕೊಟ್ಟು ಅದನ್ನು ಒತ್ತಿರಲಿಲ್ಲ.
ನಕ್ಕೆ. ಹುಡುಗಿ "ಅಲುಗಬೇಡಿ" ಎಂದಳು.

ಹತ್ತು ದಿನದ ಮೇಲೆ ಕತ್ತಲ ಕೋಣೆಯಲ್ಲಿ
ಚಿತ್ರ ಹಿಗ್ಗಿಸಿ ತೋರಿಸಿದರು:
ಬೂದು ಆಕಾಶ, ಅದರಲ್ಲಿ ಬಿಳಿ ಪುಡಿ,
ಚಿಟಿಕೆಯಷ್ಟು, ಒಂದೇ ಸಾಲಿನಲ್ಲಿ, ಕವಲೊಡೆದು.
"ಕ್ಯಾಲ್ಸಿಯಂ," ಅಂದರು.
ನನಗೆ ಕಂಡದ್ದು ಉಪ್ಪು.
ಮೂಡಣ ಗಾಳಿಯ ಮಧ್ಯಾಹ್ನ
ನೀರ ಮೇಲೆ ಮೊದಲು ಕೆನೆಗಟ್ಟುವ ಉಪ್ಪಿನ ಹೂ,
ಉಸಿರು ತಾಗಿದರೆ ಮುಳುಗುವಂಥದ್ದು.
ನಲವತ್ತು ಬೇಸಿಗೆ ಅದನ್ನು ಸೋಸಿದ ಕೈ ಇದು.
ಈ ಕೈಗೆ ಸಿಗದೆ ಒಳಗೆ ಬೆಳೆಯುತ್ತಿತ್ತು.

ಟೊಳ್ಳು ಸೂಜಿ ಎಳೆಎಳೆಯಾಗಿ ಹೀರಿ ತೆಗೆದದ್ದನ್ನು
ನಾಂತ್‌ನಲ್ಲಿ ಯಾರೋ ಗಾಜಿನಡಿ ಇಟ್ಟು ನೋಡಿದರು.
ಬರೆದು ಕಳಿಸಿದರು: ಹಾಲಿನ ನಾಳದೊಳಗೇ ಇದೆ,
ಗೋಡೆ ದಾಟಿಲ್ಲ. ಹಂತ ಸೊನ್ನೆ.

"ಸೊನ್ನೆಯೆಂದರೆ ಇದೆಯೋ, ಇಲ್ಲವೋ?"
ಡಾಕ್ಟರ್ ಕೆರ್ಮಾರೆಕ್, ಚಿಕ್ಕ ಪ್ರಾಯದಾಕೆ, ಉಗುರು ಕಚ್ಚುವ ಅಭ್ಯಾಸ,
ತುಸು ಹೊತ್ತು ಸುಮ್ಮನಿದ್ದರು.
"ಇದೆ. ಆದರೆ ಹೊರಟಿಲ್ಲ.
ಕೆಲವು ಎಂದೂ ಹೊರಡುವುದಿಲ್ಲ.
ಯಾವುದು ಹೊರಡುತ್ತದೆಂದು ಹೇಳಲು
ನಮಗಿನ್ನೂ ಬರುವುದಿಲ್ಲ."
ಅಷ್ಟು ನಿಜ ಹೇಳಿದ್ದಕ್ಕೆ ಮುಂದಿನ ಸಲ
ಆಕೆಗೊಂದು ಕಿಲೋ ಬೂದುಪ್ಪು ಒಯ್ದು ಕೊಟ್ಟೆ.

ಗೋಡೆಯ ವಿಷಯ ನನಗೆ ಗೊತ್ತು.
ನಮ್ಮ ಮಡಿಗಳದ್ದು ಬರೀ ಜೇಡಿ, ಒಂದು ಗೇಣು ಅಗಲ,
ಚಳಿಗಾಲವಿಡೀ ಮೆತ್ತುತ್ತೇವೆ.
ಏಡಿ ಕೊರೆಯುತ್ತದೆ. ಎಲ್ಲ ಏಡಿಯೂ ಅಲ್ಲ;
ಕೆಲವು ಬಿಲದ ಬಾಯಲ್ಲೇ ಕೂತು ಮುದಿಯಾಗುತ್ತವೆ.
ಆದರೆ ಕರ್ಕವೆಂದು ಹೆಸರಿಟ್ಟ ಮೇಲೆ
ಯಾರಿಗೆ ನಿದ್ದೆ?

ಅವ್ವನ ಕಾಲದಲ್ಲಿ ಸೊನ್ನೆ ಇರಲಿಲ್ಲ.
ಕೈಗೆ ಗಂಟು ಸಿಕ್ಕಿತು, ಆಗಲೇ ತಡ.
ಮೊಲೆ, ಅದರಡಿಯ ಮಾಂಸ, ಕಂಕುಳು, ಎಲ್ಲ ಬಗೆದು ತೆಗೆದರು.
ಎಡಗೈ ಊದಿ ಕಂಬವಾಯಿತು.
ತಲೆಯ ಮೇಲೆ ಉಪ್ಪಿನ ಬೋಗುಣಿ ಹೊತ್ತು ಓಡುತ್ತಿದ್ದವಳು
ಬಟ್ಟೆ ಒಣಹಾಕಲು ನನ್ನನ್ನು ಕರೆಯುತ್ತಿದ್ದಳು.
ಖಾಲಿ ಜಾಗಕ್ಕೆ ಉಣ್ಣೆಯ ಉಂಡೆ,
ಚರ್ಚಿಗೆ ಹೋಗುವಾಗ ಮಾತ್ರ.
ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ…
ಆ ಗಾದೆ ನನ್ನ ಬಾಯಲ್ಲಿ ಪೂರ್ತಿಯಾಗುವುದಿಲ್ಲ.

ನನ್ನಿಂದ ತೆಗೆದದ್ದು ಒಂದು ಅಂಜೂರದಷ್ಟು.
ಗುರುತಿಗೆ ಮುಂಚೆಯೇ ಅಕ್ಕಿಕಾಳಿನಷ್ಟು ಅಯಸ್ಕಾಂತ ಬಿಟ್ಟಿದ್ದರು.
ಕಂಕುಳು ಮುಟ್ಟಲಿಲ್ಲ.
ಕಿರಣ ಮೂರು ವಾರ; ಹಿಂದೆ ಐದಾರು ವಾರ ಇತ್ತಂತೆ.
ಚರ್ಮ ಆಗಸ್ಟಿನ ಹೆಗಲಿನ ಹಾಗೆ ಕೆಂಪಾಗಿ ಸುಲಿಯಿತು.
ಗುಳಿಗೆ ಬೇಕೇ, ಐದು ವರ್ಷ, ಎಂದು ಕೇಳಿದರು.
ಇನ್ನೂ ಯೋಚಿಸುತ್ತಿದ್ದೇನೆ.

ಪಕ್ಕದ ಮಡಿಯ ರೊಝೆನ್‌ಗೂ ಇದೇ ಸೊನ್ನೆ,
ಅವಳದ್ದು ತುಸು ಸಾಧು ಜಾತಿಯಂತೆ.
ಕೊಯ್ಯಿಸಲಿಲ್ಲ. ಕಾದು ನೋಡುವವರ ಪಟ್ಟಿಗೆ ಹೆಸರು ಕೊಟ್ಟು
ಆರು ತಿಂಗಳಿಗೊಮ್ಮೆ ಹಲಗೆಗಳ ನಡುವೆ ನಿಲ್ಲುತ್ತಾಳೆ.
"ಹೆದರಿಕೆ ಇಲ್ಲವೇ?"
"ಇದೆ. ನಿನ್ನದು ಹೋಯಿತಾ, ಸ್ವಾಝಿಗ್?"
ಇಲ್ಲ ಎಂದೆ.
ಯಾರು ಸರಿಯೆಂದು ಮತ್ತೆ ಕೇಳಿಕೊಂಡಿಲ್ಲ.

ಇವತ್ತು ಮೂಡಗಾಳಿ ಎದ್ದಿದೆ.
ನೀರು ಪೊರೆಗಟ್ಟುತ್ತಿದೆ, ಎಲ್ಲೋ ಹೂವಿನ ವಾಸನೆ.
ಅವಳು ಆ ಬದಿ, ನಾನು ಈ ಬದಿ.
ಬಾಗಿದಾಗ ಹೊಲಿಗೆಯ ಜಾಗ ಸಣ್ಣಗೆ ಜಗ್ಗುತ್ತದೆ.
ನಡುವಿನ ಜೇಡಿಗೋಡೆಯಲ್ಲಿ ಹೊಸ ತೂತು,
ಒಳಗೆ ಏಡಿ ಇದೆಯೋ ಇಲ್ಲವೋ.
ರೊಝೆನ್ ಬಗ್ಗಿ ನೋಡಿ, ಗುರುತಿಗೊಂದು ಕಡ್ಡಿ ನೆಟ್ಟಳು.
ನಾನು ಹಿಡಿ ಜೇಡಿ ತಂದು
ಅದರ ಪಕ್ಕದಲ್ಲಿಟ್ಟೆ.