ನಾಲ್ಕನೇ ಹೆಸರು

ಆರ್.ಸಿ. ಪುಸ್ತಕದಾಗ ನಂದು ನಾಲ್ಕನೇ ಹೆಸರು.
ಮೊದಲಿನ ಮೂರು ಮಂದಿ ಯಾಕ ಬಿಟ್ಟರೋ
ನಾ ಕೇಳಲಿಲ್ಲ.
ಸೊಲ್ಲಾಪುರದಾಗ ಒಂದು ಗುಜರಿ ಗೋಡಿ ಹಿಂದ
ಮೂವತ್ತೆಂಟು ಸಾವಿರಕ್ಕ ಕೈಮುಗದು ಕೊಟ್ಟರು,
ಮ್ಯಾಲ ಒಂದು ತೆಂಗಿನಕಾಯಿ.
ಒಡದರ ಅದೂ ಕೊಳತಿತ್ತು.

ಇಂಡಿಕಾ. ಬಿಳೀ ಬಣ್ಣ ಅಂತ ಕಾಗದ ಹೇಳ್ತದ.
ನಂಬರ್ ಪ್ಲೇಟ್ ಉಗುರಿಲೆ ಕೆರದರ
ಒಳಗ ಇನ್ನೂ ಹಳದಿ.
ಪುಣೆದಾಗ ಬಾಡಿಗಿ ಹೊಡದದ್ದಂತ,
ವಿಮಾನ ಹತ್ತೋ ಮಂದೀನ ಒಯ್ದದ್ದಂತ.

ಹಿಂದಿನ ಸೀಟು ಕಿತ್ತು ಪಡಸಾಲ್ಯಾಗ ಹಾಕೀನಿ,
ರೊಟ್ಟಿ ಬಡಿಯೋ ಹೆಣ್ಣುಮಕ್ಕಳು
ಮಧ್ಯಾಹ್ನ ಅದರ ಮ್ಯಾಲ ನಡಾ ಚಾಚ್ತಾರ.
ಅದರ ಜಾಗಾದಾಗ ಕಡಕ್ ರೊಟ್ಟಿ, ನೂರರ ಒಂದೊಂದು ಗಂಟು,
ಶೇಂಗಾ ಹಿಂಡಿ ಡಬ್ಬಿ.

ಮೈಂದರ್ಗಿಯಿಂದ ಸೊಲ್ಲಾಪುರ.
ಶಾಕ್ ಅಬ್ಸಾರ್ಬರ್ ಸತ್ತು ಎರಡು ವರ್ಷ.
ತೆಗ್ಗು ಬಂದಲ್ಲಿ ಗಾಡಿ ಸುಮ್ಮನಿರ್ತದ, ರೊಟ್ಟಿ ಮಾತಾಡ್ತಾವ:
ಕಟಕ್.
ಎಣಿಸ್ತೀನಿ. ವಳಸಂಗಕ್ಕ ಏಳು. ಕುಂಭಾರಿಗಿ ಹನ್ನೊಂದು.
ಒಡದದ್ದು ಅಂಗಡಿಯಂವ ಮುಟ್ಟೂದಿಲ್ಲ,
ಮನಿಗಿ ಬರ್ತಾವ, ಮಜ್ಜಿಗಿಯಾಗ ಮುರದು ಉಣ್ತೀವಿ.
ಗಾಡಿ ಚಲೋ ಇದ್ದಿದ್ದರ
ರಾತ್ರಿಗಿ ಏನು ಉಣಬೇಕಿತ್ತೋ!

ಬಾಗಿಲಾ ಒಳಗಿಂದ ತೆರೆಯೂದಿಲ್ಲ.
ಕಾಜು ಇಳಿಸಿ, ಕೈ ಹೊರಗ ಚಾಚಿ,
ಪರರ ಮನಿ ಚಿಲಕ ತಗದಂಗ ತಗೀತೀನಿ.
ಹಾರ್ನು ಬಲಕ್ಕ ಹೊರಳಿದಾಗಷ್ಟ ಕೂಗ್ತದ,
ಎಡಕ್ಕ ಬಂದ ಎಮ್ಮಿಗಿ ನಾನೇ ಒದರಬೇಕು.
ಪೊಲೀಸನ ಕೂಡ ಮರಾಠಿ,
ಮಿಸ್ತ್ರಿ ದಸ್ತಗೀರನ ಕೂಡ ದಖನಿ.
ಗಾಡಿಗಿ ಮಾತ್ರ ಕನ್ನಡ—
ಏರು ಖೋಡಿ, ಏರು.

ತಂಗಿ ಸುಗಲಾ ಹೊಸಾದು ತಗೊಂಡಾಳ.
ಮುಂದ ನಿಂಬಿಹಣ್ಣು, ಹಿಂದ ಕರೀ ಬೊಂಬಿ.
ಯಾವನೋ ಸೈಕಲ್ ತಾಗಿಸಿ ಗೀರು ಬಿದ್ದದ್ದಕ್ಕ
ಎರಡು ದಿನ ಉಣಲಿಲ್ಲ ಅಕಿ.
ನಂದಕ್ಕ ಯಾರ ಕಣ್ಣು ಬೀಳ್ತದ?
ಕೀಲಿ ಅದರಾಗೇ ಜೋತಾಡ್ತಿರ್ತದ.
ತೊಳದದ್ದು ಮಳಿ ಒಂದೇ.

ಒಂದು ಬೆಳಿಗ್ಗೆ ಎದ್ದು ನೋಡ್ತೀನಿ, ಗಾಡಿ ಇಲ್ಲ.
ನೆಲದ ಮ್ಯಾಲ ಎಣ್ಣಿ ಕಲಿ ಅಷ್ಟ ಅದ,
ಅಂಗೈಯಷ್ಟು, ಇನ್ನೂ ಹಸೀದು.
ಹವಾಲ್ದಾರ ಫೋಟೋ ಕೇಳಿದ.
ಫೋನ್ ತುಂಬ ಹುಡುಕಿದೆ:
ರೊಟ್ಟಿ, ಮದಿವಿ, ರೊಟ್ಟಿ, ಯಾರದೋ ಕೂಸು.
ಕಡೀಕ ಒಂದು ಸಿಕ್ತು, ಸುಗಲಾನ ಗಾಡಿ ಪೂಜಾದ್ದು.
ಮಾಲಿ ಹಾಕಿದ ಬಾನೆಟ್ಟಿನ ಹಿಂದ,
ಕಸದ ಡಬ್ಬಿ ಬಾಜೂಕ,
ಅರ್ಧ ದೀಪ, ಸೊಟ್ಟ ಬಂಪರ್.
ಎರಡು ಬೆರಳಿಲೆ ಹಿಗ್ಗಿಸಿ ನೋಡಿದ ಅಂವ.
'ಹೀಚ್ ಕಾ?'
'ಹೌದ್ರಿ, ಇದs' ಅಂದೆ, ಮರಾಠಿ ಮರತು.

ಸಂಜಿಗಿ ಅಕ್ಕಲಕೋಟ ಸ್ಟ್ಯಾಂಡಿನಾಗ ಸಿಕ್ತು.
ಅಲ್ಲೀತನಕ ನಡಿಸಿ, ಬ್ಯಾಸತ್ತು,
ಕಳ್ಳ ಬಸ್ ಹತ್ತಿ ಹೋಗ್ಯಾನ.
ಬಾಗಿಲಾ ಹ್ಯಾಂಗ ತಗದನೋ ಗೊತ್ತಿಲ್ಲ.
ಕೀಲಿ ಅದರಾಗೇ ಇತ್ತು.
ಹಿಂಡಿ ಡಬ್ಬಿ ಒಂದು ಇರಲಿಲ್ಲ.